ಬಾಟಲ್ ಬ್ರಷ್ ಗಿಡ ಸವರುವವರಿಗೆ ಒಂದು ಸಲಹೆ
ಮನೆ ಮುಂದೆ ಬಾಟಲ್ ಬ್ರಷ್ ಬೆಳೆಸಿದವರು ಗಮನಿಸಿ. ಕೆಂಪು ಹೂ ಬಾಡಿದ ಕೂಡಲೇ ಗಿಡ ಸವರಿಬಿಡಿ. ತಡವಾದರೆ ಮುಂದಿನ ಮೊಗ್ಗೂ ಜೊತೆಗೇ ಹೋಗುತ್ತದೆ.

ಬಾಡಿದ ಹೂವನ್ನು ಹತ್ತಿರದಿಂದ ನೋಡಿ. ಅದರ ತುದಿಯಿಂದಲೇ ಹೊಸ ಚಿಗುರು ಹೊರಟಿರುತ್ತದೆ. ಕಡ್ಡಿಗೆ ಅಂಟಿಕೊಂಡ ಗುಂಡು ಗುಂಡನೆಯ ಗಟ್ಟಿ ಕಾಯಿಗಳು ವರ್ಷಗಟ್ಟಲೆ ಉದುರುವುದಿಲ್ಲ. ಆ ಕಾಯಿಗಳ ಸಾಲಿನ ಸ್ವಲ್ಪ ಹಿಂದೆ, ಎಲೆ ಇರುವ ಕಡೆ ಕತ್ತರಿಸಿ. ಕವಲು ಜಾಸ್ತಿ ಒಡೆದು ಗಿಡ ತುಂಬಿಕೊಳ್ಳುತ್ತದೆ. ಎಲೆಯಿಲ್ಲದ ಹಳೇ ಕೊಂಬೆವರೆಗೆ ಮಾತ್ರ ಬೋಳಿಸಬೇಡಿ, ಮತ್ತೆ ಚಿಗುರುವುದು ಬಹಳ ನಿಧಾನ.

ಇದು ಆಸ್ಟ್ರೇಲಿಯಾ ಮೂಲದ್ದು, ಆದರೆ ನಮ್ಮ ನೇರಳೆ, ಸೀಬೆಯ ಕುಟುಂಬದ್ದೇ. ಒಳ್ಳೆ ಬಿಸಿಲು ಬೇಕು. ನೆರಳಲ್ಲಿ ಹೂ ಕಡಿಮೆ.

ಹೂ ತುಂಬಿರುವಾಗ ಸೂರಕ್ಕಿಗಳು ಮಕರಂದಕ್ಕೆ ಬರುತ್ತವೆ. ಆಗ ದಯವಿಟ್ಟು ಕತ್ತರಿ ಹಾಕಬೇಡಿ.