ಲಗ್ನಪತ್ರಿಕೆಯ ಕೆಂಪು ಅಕ್ಷರ ಮಸುಕಾಗಿದ್ದು ಯಾಕೆ?

ಹುಬ್ಬಳ್ಳಿಯ ನಮ್ಮ ಡಿಟಿಪಿ ಅಂಗಡಿಯ ಹೊಸ 4ಕೆ ಮಾನಿಟರ್‌ನಲ್ಲಿ ಬಿಳಿ ಮೇಲಿನ ಕಪ್ಪು ಅಕ್ಷರ ಚೊಕ್ಕ. ಲಗ್ನಪತ್ರಿಕೆ ತೆರೆದರೆ ಮಾತ್ರ ಹಳದಿ ಮೇಲಿನ ಕೆಂಪು ‘ಶ್ರೀ’ಯ ಒತ್ತು ಕಲಸಿಹೋಗುತ್ತಿತ್ತು. ‘ಮಾನಿಟರ್ ವಾಪಸ್ ಕೊಡ್ರಿ’ ಅಂದವರೇ ಹೆಚ್ಚು!

ರೆಸಲ್ಯೂಶನ್ 3840×2160, ರಿಫ್ರೆಶ್ ರೇಟ್ 60 ಹರ್ಟ್ಸ್, ಎರಡೂ ಸರಿ ಇದ್ದವು. ಗ್ರಾಫಿಕ್ಸ್ ಡ್ರೈವರ್‌ನಲ್ಲಿ (ಪರದೆಗೆ ಚಿತ್ರ ಕಳಿಸುವ ಕಾರ್ಡನ್ನು ನಡೆಸುವ ತಂತ್ರಾಂಶ) ಇಣುಕಿದರೆ ಕಲರ್ ಫಾರ್ಮ್ಯಾಟ್ 4:2:0. ಅಂದರೆ ಬೆಳಕಿನ ಪ್ರಮಾಣ ಪ್ರತಿ ಪಿಕ್ಸೆಲ್‌ಗೂ (ಪರದೆಯ ಚುಕ್ಕಿಗೂ) ಬೇರೆ, ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ. ಸಿನಿಮಾಕ್ಕೆ ನಡೀತದೆ, ಸಣ್ಣ ಅಕ್ಷರಕ್ಕಲ್ಲ. ನಮ್ಮ ಹಳೇ ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸಿದ್ದ ಎಚ್‌ಡಿಎಂಐ 1.4 ಕಿಂಡಿಯ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್, 4ಕೆಯಲ್ಲಿ 60 ಹರ್ಟ್ಸ್‌ಗೆ ಪೂರ್ತಿ ಬಣ್ಣ ಹೊರುವ ತ್ರಾಣ ಅದಕ್ಕಿಲ್ಲ.

ಅದೇ ಕಾರ್ಡಿನ ಇನ್ನೊಂದು ಕಿಂಡಿ, ಹೆಚ್ಚು ಮಾಹಿತಿ ಹೊರುವ ಡಿಸ್‌ಪ್ಲೇಪೋರ್ಟ್ 1.2ಕ್ಕೆ ಕೇಬಲ್ ಹಾಕಿ, ಫಾರ್ಮ್ಯಾಟ್ ಅನ್ನು ಪ್ರತಿ ಪಿಕ್ಸೆಲ್‌ಗೂ ಪೂರ್ತಿ ಬಣ್ಣ ಕೊಡುವ ಆರ್‌ಜಿಬಿಗೆ ಬದಲಿಸಿದೆ. ಒತ್ತು ಸ್ವಚ್ಛ. ಕೆಲವು ಮಾನಿಟರ್‌ಗಳ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ 1.1 ಅಂತಿರುತ್ತದೆ; ಅದನ್ನೂ 1.2 ಮಾಡಬೇಕು, ಇಲ್ಲದಿದ್ದರೆ 4ಕೆ 30 ಹರ್ಟ್ಸ್‌ಗೇ ನಿಲ್ಲುತ್ತದೆ.