ಕೊಪ್ಪಳಕ್ಕೆ ಬಂದವರು ಕಿನ್ನಾಳದ ಗೊಂಬೆಯನ್ನು ನೋಡಿ ಕೊಳ್ಳುವ ಬಗೆ

ಕೊಪ್ಪಳಕ್ಕೆ ಬಂದವರು ನೆನಪಿಗೆಂದು ಒಂದೇ ವಸ್ತುವನ್ನು ಒಯ್ಯುವುದಾದರೆ ಅದು ಮರದಲ್ಲಿ ಕೆತ್ತಿ ಬಣ್ಣ ಬರೆದ ಕಿನ್ನಾಳದ ಗೊಂಬೆಯೇ ಆಗಿರಲಿ. ಅದನ್ನು ಪೇಟೆಯಲ್ಲಿ ಹುಡುಕುವ ಬದಲು, ನಗರದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿರುವ ಕಿನ್ನಾಳಕ್ಕೇ ಹೋಗಿ, ಇವನ್ನು ಮಾಡುವ ಚಿತ್ರಗಾರರ ಮನೆಬಾಗಿಲಲ್ಲಿ ಕೊಳ್ಳುವುದು ಉತ್ತಮ. ಹಲವು ವರ್ಷಗಳ ಹಿಂದೆ ಜಾತ್ರೆಯ ಅಂಗಡಿಯೊಂದರಲ್ಲಿ ನಾನು ಕಿನ್ನಾಳದ್ದೆಂದು ನಂಬಿ ತಂದ ಗರುಡನ ರೆಕ್ಕೆ ಮುರಿದಾಗ ಒಳಗೆ ಕಂಡದ್ದು ಮರವಲ್ಲ, ಅಚ್ಚಿನಲ್ಲಿ ಎರೆದ ಪ್ಲಾಸ್ಟರ್.

ಮನೆಗೆ ಹೋದಾಗ ಸಿದ್ಧವಾದ ಗೊಂಬೆಗಿಂತ ಮೊದಲು ಅರೆಬರೆಯಾಗಿರುವ ಗೊಂಬೆಯನ್ನು ತೋರಿಸುವಂತೆ ಕೇಳಿಕೊಳ್ಳಿ. ಹಗುರವಾದ ಮರದಲ್ಲಿ ಕೈ, ಕಾಲು, ರೆಕ್ಕೆಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನೊಡನೆ ಕಲಸಿದರೆ 'ಕಿಟ್ಟ' ಸಿದ್ಧವಾಗುತ್ತದೆ. ಅದನ್ನು ಮೈತುಂಬ ಕೈಯಿಂದಲೇ ಮೆತ್ತಿ, ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪವನ್ನು ಕೊಟ್ಟ ಬಳಿಕವಷ್ಟೇ ಬಣ್ಣದ ಸರದಿ ಬರುತ್ತದೆ. ಕೊರಳ ಸರ, ಕಿರೀಟ, ಸೊಂಟದ ಪಟ್ಟಿಗಳನ್ನು ಕುಂಚದಿಂದ ಬರೆಯುವುದಿಲ್ಲ, ಕಲ್ಲಿನ ಪುಡಿ ಮತ್ತು ಅಂಟಿನ ಮಿಶ್ರಣದಿಂದ ಉಬ್ಬಿಸುತ್ತಾರೆ.

ಈ ಕ್ರಮ ತಿಳಿದವರಿಗೆ ಪರೀಕ್ಷೆ ಸುಲಭ. ಗಾತ್ರಕ್ಕೆ ಹೋಲಿಸಿದರೆ ಗೊಂಬೆ ಹಗುರವಾಗಿರಬೇಕು, ಆಭರಣಗಳ ಮೇಲೆ ಬೆರಳಾಡಿಸಿದಾಗ ಉಬ್ಬು ತಗುಲಬೇಕು, ಒಂದೇ ಬಗೆಯ ಎರಡು ಗೊಂಬೆಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣು ಹುಬ್ಬುಗಳಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕು. ಚನ್ನಪಟ್ಟಣದ ಗೊಂಬೆಯನ್ನು ನೋಡಿ ಬಂದವರು ಅದೇ ಹೊಳಪನ್ನು ಇಲ್ಲಿ ನಿರೀಕ್ಷಿಸಬಾರದು. ಅದು ಮರ ಕಡೆಯುವ ಚರಕಿಯಲ್ಲಿ ತಿರುಗಿಸಿ ಅರಗು ಹಚ್ಚಿದ್ದು, ಇದು ಕೆತ್ತಿ ಬಣ್ಣ ಬರೆದದ್ದು. ಎರಡಕ್ಕೂ ಆಯಾ ಊರಿನ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ.

ಬೆಲೆಯ ವಿಷಯದಲ್ಲಿ ಅತಿಯಾಗಿ ಚೌಕಾಸಿ ಮಾಡಬಾರದೆಂಬುದು ನನ್ನ ವಿನಂತಿ, ಏಕೆಂದರೆ ಒಂದೊಂದು ಪದರವೂ ಒಣಗುವವರೆಗೆ ಮನೆಮಂದಿಯೆಲ್ಲ ಕಾಯಬೇಕಾಗುತ್ತದೆ. ಗೌರಿಯ ಮೂರ್ತಿಯಂತಹ ದೊಡ್ಡ ಕೆಲಸ ಬೇಕಿದ್ದರೆ ಹಬ್ಬಕ್ಕೆ ಬಹಳ ಮೊದಲೇ ಹೇಳಿ ಮಾಡಿಸಿಕೊಳ್ಳಬೇಕು. ಒಯ್ಯುವಾಗ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ. ಮನೆಯಲ್ಲಿ ಧೂಳನ್ನು ಒಣ ಕುಂಚದಿಂದ ಮಾತ್ರ ತೆಗೆಯಿರಿ, ಒದ್ದೆ ಬಟ್ಟೆ ತಾಗಿದರೆ ಅಂಟು ಸಡಿಲಗೊಳ್ಳುತ್ತದೆ.

ಸೀರೆ ಕೊಳ್ಳುವವರಿಗೆ ಕೊಪ್ಪಳದ ಜವಾಹರ ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಇಳಕಲ್ ಸೀರೆ ದೊರೆಯುತ್ತದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ ಅದರ ತವರು. ಅಂಗಡಿಯವರು ಸೆರಗನ್ನು ಬಿಡಿಸಿದಾಗ ಒಡಲು ಮತ್ತು ಸೆರಗು ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕು: ಸಾಂಪ್ರದಾಯಿಕ ನೇಯ್ಗೆಯಲ್ಲಿ ಎರಡೂ ಕಡೆಯ ಹಾಸುನೂಲುಗಳು (ಉದ್ದಕ್ಕೆ ಹಾಯುವ ಎಳೆಗಳು) ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಕೊಂಡಿರುತ್ತವೆ. ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂದು ನೇರವಾಗಿ ಕೇಳಲು ಸಂಕೋಚ ಬೇಡ.

ಹಂಪಿಯ ಕಡೆಗೆ ಹೊರಟವರು ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಇಳಿದರೆ, ಅಲ್ಲಿನ ಹೆಣ್ಣುಮಕ್ಕಳು ಬಾಳೆನಾರಿನಿಂದ ಹೆಣೆದ ಚೀಲ, ಚಾಪೆಗಳನ್ನು ಕೊಳ್ಳಬಹುದು. ಸಾಮಾನಿನ ಚೀಲದಲ್ಲಿ ಜಾಗ ಕಡಿಮೆ ಇರುವವರಿಗೆ ಇವೇ ಅನುಕೂಲ.