ಇಂಗ್ಲೆಂಡಿನಲ್ಲಿ ಮೊದಲ ಅಸೈನ್‌ಮೆಂಟ್: ಆಕರಗಳನ್ನು ಬಳಸುವ ಬಗೆ

ಸ್ನಾತಕೋತ್ತರ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಬಂದ ನಮ್ಮವರು ಮೊದಲ ಅಸೈನ್‌ಮೆಂಟ್ ಸಲ್ಲಿಸುವ ಮುನ್ನ ಕೇಳುವ ಪ್ರಶ್ನೆ ಬಹುತೇಕ ಒಂದೇ: ಬರಹದ ಸಾಮ್ಯವನ್ನು ಪತ್ತೆಹಚ್ಚುವ ಟರ್ನಿಟಿನ್ ತಂತ್ರಾಂಶದಲ್ಲಿ ಶೇಕಡಾ ಎಷ್ಟು ಬಂದರೆ ತೊಂದರೆಯಿಲ್ಲ? ಯುಜಿಸಿಯ 2018ರ ನಿಯಮಾವಳಿಯು ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ ಎನ್ನುವುದರಿಂದ ಭಾರತದಲ್ಲಿ ಈ ಲೆಕ್ಕ ರೂಢಿಯಾಗಿದೆ. ಇಲ್ಲಿ ಅಂತಹ ಗೆರೆಯನ್ನು ನಂಬಿ ಕೂರುವಂತಿಲ್ಲ. ಆ ತಂತ್ರಾಂಶ ಹೋಲುವ ಪದಗಳನ್ನು ತೋರಿಸುತ್ತದೆಯೇ ಹೊರತು ಕೃತಿಚೌರ್ಯವನ್ನು ತೀರ್ಮಾನಿಸುವುದಿಲ್ಲ, ಶೇ. 20 ಬಂದ ಪ್ರಬಂಧ ನಿರ್ದೋಷಿಯಾಗಿರಬಹುದು, ಶೇ. 4 ಬಂದದ್ದರಲ್ಲಿ ಒಂದಿಡೀ ಪ್ಯಾರಾ ಕದ್ದದ್ದಿರಬಹುದು. ಪದಗಳನ್ನಷ್ಟೇ ಬದಲಿಸಿ, ವಾಕ್ಯದ ಮೂಳೆಯನ್ನು ಹಾಗೆಯೇ ಉಳಿಸುವುದೂ ತಪ್ಪೇ. ಶಾಲೆಯಲ್ಲಿ ‘ಸ್ವಂತ ವಾಕ್ಯದಲ್ಲಿ ಬರೆಯಿರಿ’ ಎಂದಾಗ ನಾವು ಮಾಡುತ್ತಿದ್ದುದು ಹೆಚ್ಚಾಗಿ ಅದನ್ನೇ.

ಬೆಂಗಳೂರಿನ ಕುಡಿಯುವ ನೀರಿನ ಬಗ್ಗೆ ಬರೆಯುತ್ತಿದ್ದೀರಿ ಎಂದುಕೊಳ್ಳಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿ, ಅದರಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿಗೆಂದು ಗೊತ್ತುಮಾಡಿತು. ಈ ಅಂಕಿಗೆ ಮೂಲ ಆಕರ ಆ ತೀರ್ಪು. ಅದನ್ನು ಓದದೆ ಪತ್ರಿಕಾ ವರದಿಯಿಂದ ಎತ್ತಿಕೊಂಡಿದ್ದರೆ ಪತ್ರಿಕೆಯನ್ನೇ ಹೆಸರಿಸಬೇಕು. ಓದದ್ದನ್ನು ಓದಿದಂತೆ ತೋರಿಸಬಾರದು. ಇನ್ನು, ತೀರ್ಪು ಸಾಕ್ಷಿಯಾಗುವುದು ಹಂಚಿಕೆಗೆ ಮಾತ್ರ. ಆ ನೀರು ಹೊರವಲಯದ ಮನೆಗಳ ನಲ್ಲಿಗೆ ತಲುಪಿತೋ ಇಲ್ಲವೋ ಎನ್ನಲು ಬೇರೆ ಆಕರ ಬೇಕು. ‘ಪಾಲು ಹೆಚ್ಚಿದ ಮೇಲೂ ಕೊರತೆ ಉಳಿದಿರುವುದು ವಿತರಣೆಯ ದೋಷದಿಂದ’ ಎಂಬುದು ನಿಮ್ಮ ವಾದವಾದರೆ, ಅಂತರ್ಜಲದ ಕುಸಿತವೇ ಮುಖ್ಯ ಕಾರಣ ಎನ್ನುವವರ ಬರಹವನ್ನೂ ಎದುರಿಗಿಟ್ಟು ಉತ್ತರಿಸಬೇಕು. ಇಲ್ಲಿನ ಅಧ್ಯಾಪಕರು ಅಂಕ ಕೊಡುವುದು ಈ ಉತ್ತರಕ್ಕೆ; ದೊಡ್ಡವರ ಮಾತುಗಳನ್ನು ಸಾಲಾಗಿ ಪೋಣಿಸಿದರೆ ‘ನಿಮ್ಮ ದನಿ ಎಲ್ಲಿ?’ ಎಂಬ ಷರಾ ಬರುತ್ತದೆ.

ಟಿಪ್ಪಣಿ ಮಾಡಿಕೊಳ್ಳುವಾಗಲೇ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ; ನಕಲಿಸಿದ ಸಾಲು ಯಾವುದು, ನಿಮ್ಮ ಸಾಲು ಯಾವುದು ಎಂಬುದು ಎರಡು ವಾರದ ನಂತರ ನಿಮಗೇ ತಿಳಿಯದು. ಆಕರಗಳನ್ನು ಉಲ್ಲೇಖಿಸುವ ಕ್ರಮ ಹಾರ್ವರ್ಡ್ ಶೈಲಿಯೋ ಎಪಿಎ ಶೈಲಿಯೋ ಎಂಬುದನ್ನು ವಿಭಾಗದ ಕೈಪಿಡಿ ನೋಡಿ ಅನುಸರಿಸಿದರಾಯಿತು. ಗೆಳೆಯರೊಡನೆ ಚರ್ಚಿಸಬಹುದು, ಆದರೆ ವೈಯಕ್ತಿಕ ಪ್ರಬಂಧವನ್ನು ಕೂಡಿ ಬರೆಯುವಂತಿಲ್ಲ.

ಹಣ ಪಡೆದು ಪ್ರಬಂಧ ಬರೆದುಕೊಡುವುದು, ಅದಕ್ಕೆ ಜಾಹೀರಾತು ನೀಡುವುದು ಇಂಗ್ಲೆಂಡಿನಲ್ಲಿ 2022ರ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಮಾರುವವರನ್ನು ಹಿಡಿಯುತ್ತದೆ. ಕೊಂಡ ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯವೇ ಹೊರಹಾಕಬಹುದು, ಹಾಗಾದಾಗ ವಿದ್ಯಾರ್ಥಿ ವೀಸಾದ ಪ್ರಾಯೋಜಕತ್ವವೂ ಹೋಗುತ್ತದೆ.